ಮಂಗನ ಕಾಯಿಲೆಯ ಸೀಮೆಯಲ್ಲೊಂದು ಆರೋಗ್ಯ ಆಪ್: ಸಿದ್ಧಾಂತದ ಚೌಕಟ್ಟು ಹಿಡಿದು ಜಾರಿಗೆ ತರುವುದು, ಅಳೆದು ನೋಡುವುದು ಹೇಗೆ?

ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ಒಂದು ಆರೋಗ್ಯ ಉಪಕೇಂದ್ರ. ಜನವರಿಯ ಮಧ್ಯಾಹ್ನ. ಆಶಾ ಕಾರ್ಯಕರ್ತೆಯೊಬ್ಬರು ಕೈಚೀಲದಿಂದ ಡೈರಿಯನ್ನೂ ಫೋನನ್ನೂ ತೆಗೆದು ಮೇಜಿನ ಮೇಲಿಟ್ಟರು. ಡೈರಿ ಮಳೆಗಾಲದ ತೇವಕ್ಕೆ ಅಂಚು ಉಬ್ಬಿ ದಪ್ಪಗಾಗಿತ್ತು. ಫೋನು ಪ್ಲಾಸ್ಟಿಕ್ ಕವರಿನೊಳಗೆ ಬೆಚ್ಚಗಿತ್ತು. ಡೈರಿಯಲ್ಲಿ ಆ ವಾರ ಜ್ವರದವರು ಒಂಬತ್ತು ಮಂದಿ. ಆಪ್‌ನಲ್ಲಿ ಇಬ್ಬರೇ. ಮೇಲಿನ ಕಚೇರಿಯಲ್ಲಿ ಕೂತು ಪರದೆ ನೋಡುವವರಿಗೆ ಆ ಊರಿನಲ್ಲಿ ಜ್ವರವೇ ಇಲ್ಲ. ಇಲ್ಲವೇ ಈಕೆ ಕೆಲಸ ಮಾಡುತ್ತಿಲ್ಲ.

ಯಾಕಕ್ಕಾ ಹೀಗೆ ಎಂದು ಕೇಳಿದೆ. "ಡೈರೀಲಿ ಬರ್ದಿದ್ದು ನಂಗೆ ಬೇಕು ಮೇಡಂ. ನಾಳೆ ಯಾರ್ ಮನೆಗೆ ಹೋಗ್ಬೇಕು ಅಂತ ಅದ್ರಲ್ಲೇ ನೋಡೋದು. ಫೋನಲ್ಲಿ ಹಾಕಿದ್ದು ಎಲ್ಲಿಗೆ ಹೋಗುತ್ತೋ, ನಂಗಂತೂ ವಾಪಸ್ ಕಾಣಲ್ಲ" ಅಂದರು.

ಡಿಜಿಟಲ್ ಆರೋಗ್ಯದ ಕೆಲಸದಲ್ಲಿ ಸಿದ್ಧಾಂತದ ಚೌಕಟ್ಟು ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಈ ಡೈರಿಯನ್ನೇ ನೆನೆಯುತ್ತೇನೆ. ಆಪ್ ಸೋತಾಗ ನಮ್ಮ ಬೆರಳು ತಾನಾಗಿ ಹೋಗುವುದು ಕೊನೆಯ ಸಾಲಿನಲ್ಲಿ ನಿಂತ ಹೆಂಗಸಿನ ಕಡೆಗೆ. ಚೌಕಟ್ಟು ಆ ಬೆರಳನ್ನು ತಡೆದು, ತಂತ್ರಜ್ಞಾನ, ಇಲಾಖೆ, ಸಂಭಾವನೆ, ಕಾಡು, ಕಾಲ, ಎಲ್ಲವನ್ನೂ ಒಂದೊಂದಾಗಿ ಕೇಳಿಸುತ್ತದೆ. ಪಿಎಚ್‌ಡಿ ಮಾಡುವವರಿಗೆ ಮಾತ್ರ ಎಂಬ ಭಯ ಬೇಡ. ತಾಲ್ಲೂಕು ಮಟ್ಟದಲ್ಲಿ ಕೆಲಸ ಮಾಡುವವರು, ಸಮುದಾಯ ವೈದ್ಯಶಾಸ್ತ್ರ ಓದುತ್ತಿರುವವರು, ಸಂಸ್ಥೆಗಳಲ್ಲಿ ಆಪ್ ಕಟ್ಟುವವರು, ಮೂವರಿಗೂ ಆಗುವ ಹಾಗೆ ಬರೆಯುತ್ತಿದ್ದೇನೆ.

ಉದಾಹರಣೆ ಉದ್ದಕ್ಕೂ ಒಂದೇ: ಮಂಗನ ಕಾಯಿಲೆಯ ಕಾಲದಲ್ಲಿ ಜ್ವರದವರ ಮಾಹಿತಿಯನ್ನೂ ಮಂಗ ಸತ್ತ ಸುದ್ದಿಯನ್ನೂ ಫೋನಿನಲ್ಲಿ ದಾಖಲಿಸುವ ಒಂದು ಆಪ್. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ಕಾಯಿಲೆ ಇವತ್ತಿಗೂ ಬೇಸಿಗೆ ಬರುವ ಮೊದಲೇ ನಮ್ಮ ಹಳ್ಳಿಗಳ ನಿದ್ದೆ ಕೆಡಿಸುತ್ತದೆ. ಮಂಗಕ್ಕೂ ಮನುಷ್ಯರಿಗೂ ಇದನ್ನು ಅಂಟಿಸುವುದು ಕಾಡಿನ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ ಹುಳು. ಅದು ಕಚ್ಚಿದ 3ರಿಂದ 8 ದಿನಕ್ಕೆ ಜ್ವರ ಬರುತ್ತದೆ. ಸೋಂಕು ತಗಲಿದವರಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆ. ಇದಕ್ಕೇ ಎಂದು ಔಷಧಿ ಇಲ್ಲ, ಹಿಂದೆ ಕೊಡುತ್ತಿದ್ದ ಲಸಿಕೆಯೂ ನಿಂತಿದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಂಡ ಸಂಕಟ ಈ ಭಾಗದಲ್ಲಿ ಯಾರಿಗೂ ಮರೆತಿಲ್ಲ. ಹಾಗಾಗಿ ಇಲ್ಲಿ ಬೇಗ ತಿಳಿಯುವುದೇ ಅರ್ಧ ಚಿಕಿತ್ಸೆ.

ಹೆಜ್ಜೆ 1: "ಆಪ್" ಎಂಬ ಪದ ಬಳಸದೆ ಸಮಸ್ಯೆ ಬರೆಯಿರಿ

ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ನಮ್ಮ ಹಾಳೆಯಲ್ಲಿದ್ದ ವಾಕ್ಯ ಇದು: "ಕಾಡಿನಂಚಿನಲ್ಲಿ ಸತ್ತ ಮಂಗ ಯಾರ ಕಣ್ಣಿಗಾದರೂ ಬಿದ್ದ ಹೊತ್ತಿನಿಂದ ಅಲ್ಲಿ ಉಣುಗು ಕೊಲ್ಲುವ ಮೆಲಾಥಿಯನ್ ಪುಡಿ ಎರಚುವ ಹೊತ್ತಿನವರೆಗೆ ಬಹಳ ದಿನ ಕಳೆಯುತ್ತಿದೆ."

ಇನ್ನು ಬಾಣ ಹಾಕುತ್ತಾ ಹೋಗಿ. ದರಗು (ಕಾಡಿನ ಒಣ ಎಲೆ) ಗುಡಿಸಲು ಹೋದ ಹೆಂಗಸು ಮಂಗ ಸತ್ತದ್ದನ್ನು ನೋಡುತ್ತಾಳೆ. ಮನೆಯಲ್ಲಿ ಹೇಳುತ್ತಾಳೆ. ಮನೆಯವರು ಆಶಾಗೋ ಪಂಚಾಯ್ತಿ ಸದಸ್ಯರಿಗೋ ಹೇಳುತ್ತಾರೆ. ಅಲ್ಲಿಂದ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ), ಪಶುವೈದ್ಯರು, ಅರಣ್ಯ ಇಲಾಖೆ. ಪಶುವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡಿ ಮಾದರಿ ತೆಗೆಯುತ್ತಾರೆ. ಕಳೇಬರ ಸುಡುತ್ತಾರೆ. ಸುತ್ತ ಪುಡಿ ಎರಚುತ್ತಾರೆ. ಊರಿನವರಿಗೆ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಹಂಚಿ, ಆ ಕಡೆ ಹೋಗಬೇಡಿ ಎಂದು ಹೇಳುತ್ತಾರೆ.

ಪ್ರತಿ ಬಾಣದ ಮೇಲೆ ಈಗ ಎಷ್ಟು ಹೊತ್ತು ಹಿಡಿಯುತ್ತಿದೆ ಎಂದು ಬರೆಯಿರಿ. ಕಳೆದ ಸೀಸನ್ನಿನ ಕಡತ ಬಿಚ್ಚಿ, ಸಂಬಂಧಪಟ್ಟವರನ್ನು ಕೇಳಿ, ಅಂದಾಜಾದರೂ ಸರಿ. ಆಮೇಲೆ ಒಂದೇ ಪ್ರಶ್ನೆ: ಇದರಲ್ಲಿ ಯಾವ ಬಾಣವನ್ನು ಫೋನು ಗಿಡ್ಡ ಮಾಡಬಲ್ಲದು? ಮೂರನೆಯದನ್ನೋ ನಾಲ್ಕನೆಯದನ್ನೋ ಮಾಡೀತು. ಪಶುವೈದ್ಯರ ಹುದ್ದೆ ಖಾಲಿಯಿದ್ದರೆ, ಜೀಪಿಗೆ ಡೀಸೆಲ್ ಇಲ್ಲದಿದ್ದರೆ, ಎಂಥ ಆಪ್ ಬಂದರೂ ಆ ಬಾಣ ಗಿಡ್ಡವಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಡಿಜಿಟಲ್ ಆರೋಗ್ಯದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಡಿಜಿಟಲ್ ಸಾಧನ ನಡೆಯುತ್ತಿರುವ ಆರೋಗ್ಯ ವ್ಯವಸ್ಥೆಗೆ ಊರುಗೋಲಾಗಬಹುದು, ಅದರ ಜಾಗದಲ್ಲಿ ನಿಲ್ಲಲಾರದು.

ಈ ಬಾಣಗಳ ಹಾಳೆಗೆ ಬದಲಾವಣೆಯ ಸಿದ್ಧಾಂತ ಎನ್ನುತ್ತಾರೆ. ಹಾಳೆ ಎಸೆಯಬೇಡಿ, ಕೊನೆಯವರೆಗೂ ಬೇಕಾಗುತ್ತದೆ.

ಹೆಜ್ಜೆ 2: ಚೌಕಟ್ಟು ಆರಿಸಿ, ಎರಡು ಸಾಕು

ಇಲ್ಲೇ ಬಹಳ ಜನ ಕಂಗಾಲಾಗುವುದು. ಸಿದ್ಧಾಂತ, ಮಾದರಿ, ಚೌಕಟ್ಟು ಎಂದು ನೂರಾರು ಹೆಸರುಗಳಿವೆ. ಸ್ವೀಡನ್ನಿನ ಪೆರ್ ನಿಲ್ಸೆನ್ 2015ರಲ್ಲಿ ಇವನ್ನೆಲ್ಲ ಐದು ಗುಂಪಾಗಿ ವಿಂಗಡಿಸಿಟ್ಟು ದೊಡ್ಡ ಉಪಕಾರ ಮಾಡಿದರು. ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕೆಂದು ಹೇಳುವ ಪ್ರಕ್ರಿಯೆಯ ಮಾದರಿಗಳು. ಯಾವುದು ಅಡ್ಡಿ, ಯಾವುದು ಅನುಕೂಲ ಎಂದು ಪಟ್ಟಿ ಕೊಡುವ ನಿರ್ಧಾರಕ ಚೌಕಟ್ಟುಗಳು. ಮನಶ್ಶಾಸ್ತ್ರ, ಸಮಾಜಶಾಸ್ತ್ರಗಳಿಂದ ಬಂದ ಹಳೆಯ ಸಿದ್ಧಾಂತಗಳು. ಅನುಷ್ಠಾನಕ್ಕೆಂದೇ ಹುಟ್ಟಿದ ಸಿದ್ಧಾಂತಗಳು. ಕೊನೆಗೆ, ಫಲ ಬಂತೋ ಇಲ್ಲವೋ ಎಂದು ಅಳೆಯುವ ಮೌಲ್ಯಮಾಪನದ ಚೌಕಟ್ಟುಗಳು.

ನಿಮ್ಮ ಪ್ರಶ್ನೆ ಯಾವ ಗುಂಪಿನದೆಂದು ಮೊದಲು ನೋಡಿ. "ಜನ ಇದನ್ನು ಬಳಸುತ್ತಾರಾ?" ಎಂಬುದಷ್ಟೇ ಪ್ರಶ್ನೆಯಾದರೆ ಫ್ರೆಡ್ ಡೇವಿಸ್ 1989ರಲ್ಲಿ ಕೊಟ್ಟ ತಂತ್ರಜ್ಞಾನ ಸ್ವೀಕಾರ ಮಾದರಿ ಸಾಕು. ಅದು ಕೇಳುವುದು ಎರಡೇ: ಇದರಿಂದ ನನಗೆ ಉಪಯೋಗವಿದೆ ಅನ್ನಿಸುತ್ತದೆಯೇ, ಬಳಸುವುದು ಸುಲಭ ಅನ್ನಿಸುತ್ತದೆಯೇ. ಆದರೆ ನಮ್ಮ ಆಶಾಗೆ ಆಪ್ ಸುಲಭವಾಗಿಯೇ ಇತ್ತು. ಅಡ್ಡಿ ಇದ್ದದ್ದು ಅವರ ತಲೆಯ ಹೊರಗೆ. ಬಳಸುವವರ ಮನಸ್ಸನ್ನಷ್ಟೇ ನೋಡುವ ಮಾದರಿ ಮಲೆನಾಡಿನಂಥ ಕಡೆ ಸಾಲದು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ತಾಲ್ಲೂಕು ಮಟ್ಟದ ಕೆಲಸಕ್ಕೆ ನಾನು ಹೇಳುವ ಜೋಡಿ ಇದು: ಶುರು ಮಾಡುವ ಮೊದಲು ನಾಸ್, ಅಳೆಯುವಾಗ ರಿ-ಏಮ್. ನಡುವೆ ಸಂದರ್ಶನಕ್ಕೆ ಸಿಎಫ್‌ಐಆರ್‌ನಿಂದ ಪ್ರಶ್ನೆಗಳನ್ನು, ಪರಿಹಾರ ಹುಡುಕುವಾಗ ಕಾಮ್-ಬಿಯಿಂದ ಒಂದು ಕೋಷ್ಟಕವನ್ನು ಕಡ ತಂದರಾಯಿತು. ಈ ಹೆಸರುಗಳನ್ನೆಲ್ಲ ಮುಂದಿನ ಹೆಜ್ಜೆಗಳಲ್ಲಿ ಬಿಡಿಸಿ ಹೇಳುತ್ತೇನೆ. ವರದಿಯ ಅಂದಕ್ಕೆಂದು ಐದು ಚೌಕಟ್ಟಿನ ಹೆಸರು ಹಾಕಿ ಒಂದನ್ನೂ ಬಳಸದಿರುವುದಕ್ಕಿಂತ, ಎರಡನ್ನು ಹಿಡಿದು ಕೊನೆಯವರೆಗೆ ನಡೆಸುವುದು ಎಷ್ಟೋ ಮೇಲು.

ಹೆಜ್ಜೆ 3: ನಾಸ್ ಹಿಡಿದು ಒಂದು ದಿನ ಕೂರಿ

ನಾಸ್ ಎಂದರೆ ಇಂಗ್ಲಿಷಿನ ಎನ್, ಎ, ಮೂರು ಎಸ್. ಬ್ರಿಟನ್ನಿನ ಟ್ರಿಶ್ ಗ್ರೀನ್‌ಹಾಲ್ಗ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ್ದು. ಆರೋಗ್ಯ ತಂತ್ರಜ್ಞಾನಗಳನ್ನು ಜನ ಯಾಕೆ ಹಿಡಿಯುವುದಿಲ್ಲ, ಹಿಡಿದವರು ಯಾಕೆ ಬಿಡುತ್ತಾರೆ, ಒಂದೂರಲ್ಲಿ ಗೆದ್ದದ್ದು ಇನ್ನೊಂದೂರಿಗೆ ಯಾಕೆ ಹಬ್ಬುವುದಿಲ್ಲ, ಹಬ್ಬಿದರೂ ಯಾಕೆ ಬಾಳುವುದಿಲ್ಲ ಎಂದು ಕೇಳುತ್ತದೆ. ಏಳು ಕ್ಷೇತ್ರಗಳಿವೆ. ಪ್ರತಿಯೊಂದನ್ನೂ ಸರಳ, ಜಟಿಲ, ಸಂಕೀರ್ಣ ಎಂದು ಗುರುತು ಮಾಡಬೇಕು. ಜಟಿಲ ಎಂದರೆ ಭಾಗಗಳು ಬಹಳ, ಆದರೆ ಲೆಕ್ಕಕ್ಕೆ ಸಿಗುತ್ತವೆ. ಸಂಕೀರ್ಣ ಎಂದರೆ ಹೀಗೇ ಆಗುತ್ತದೆಂದು ಮುಂಚೆ ಹೇಳಲಾಗುವುದಿಲ್ಲ.

ಈ ಸಭೆಗೆ ಒಬ್ಬ ವೈದ್ಯಾಧಿಕಾರಿ, ಒಬ್ಬ ಸಿಸ್ಟರ್, ಇಬ್ಬರು ಆಶಾ, ಪಶುಸಂಗೋಪನೆಯ ಒಬ್ಬರು, ಅರಣ್ಯದ ಒಬ್ಬ ಗಾರ್ಡ್, ಆಪ್ ಬರೆಯುವ ಹುಡುಗ ಅಥವಾ ಹುಡುಗಿ ಇರಲೇಬೇಕು. ಆಶಾಗಳನ್ನು ಹಿಂದಿನ ಸಾಲಿಗೆ ಬಿಡಬೇಡಿ. ಸಾಹೇಬರು ಮೊದಲು ಮಾತಾಡಿದರೆ ಉಳಿದವರು ಹೂಂ ಅನ್ನುತ್ತಾರೆ ಅಷ್ಟೆ. ಅದಕ್ಕೆ ಎಲ್ಲರಿಗೂ ಚೀಟಿ ಕೊಟ್ಟು ಬರೆಸಿ, ಆಮೇಲೆ ಓದಿಸಿ.

ಮೊದಲ ಕ್ಷೇತ್ರ ಕಾಯಿಲೆ. ಮಂಗನ ಕಾಯಿಲೆ ಸಂಕೀರ್ಣ. ಇದರಲ್ಲಿ ಮನುಷ್ಯ, ಮಂಗ, ಉಣುಗು, ಕಾಡು ನಾಲ್ಕೂ ಇವೆ. ಒಂದು ವರ್ಷ ಒಂದೂರಲ್ಲಿ ಬಂದದ್ದು ಮರುವರ್ಷ ಹತ್ತು ಮೈಲಿ ಆಚೆ ಬರುತ್ತದೆ. ಶುರುವಿನ ಜ್ವರ ನೋಡಿದರೆ ಡೆಂಗಿಯೋ ಇಲಿಜ್ವರವೋ ಇದೋ ಗೊತ್ತಾಗುವುದಿಲ್ಲ.

ಎರಡನೆಯದು ತಂತ್ರಜ್ಞಾನ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನಾನು ಕೈಸುಟ್ಟುಕೊಂಡದ್ದು ಇಲ್ಲೇ. ನಾವು ನೋಡಿದ ಮೊದಲ ಆವೃತ್ತಿಯಲ್ಲಿ ಮಂಗ ಸತ್ತದ್ದನ್ನು ದಾಖಲಿಸಲು ಫೋಟೊ ಕಡ್ಡಾಯ. ಫೋಟೊ ಇಲ್ಲದೆ ಮುಂದಿನ ಪುಟ ತೆರೆಯುವುದಿಲ್ಲ. ಕಚೇರಿಯಲ್ಲಿ ಕೂತಾಗ ಅದು ಒಳ್ಳೆಯ ಯೋಚನೆಯಾಗಿಯೇ ಕಂಡಿತು: ಸುಳ್ಳು ವರದಿ ಬರುವುದಿಲ್ಲ, ಮುಸಿಯವೋ ಕೆಂಪು ಮಂಗವೋ ತಿಳಿಯುತ್ತದೆ. ಆದರೆ ಸತ್ತ ಮಂಗದ ಮೈ ತಣ್ಣಗಾಗುತ್ತಿದ್ದಂತೆ ಉಣುಗುಗಳು ಅದನ್ನು ಬಿಟ್ಟು ಸುತ್ತಲಿನ ದರಗಿಗೆ ಇಳಿಯುತ್ತವೆ. ಸ್ಪಷ್ಟ ಫೋಟೊಗೆಂದು ಹತ್ತಿರ ಹೋಗುವ ಆಶಾ ನಿಲ್ಲುವುದು ಸರಿಯಾಗಿ ಆ ದರಗಿನ ಮೇಲೆ. ಕಾಯಿಲೆ ತಡೆಯುವ ಆಪ್ ಕಾಯಿಲೆಯ ಬಾಯಿಗೇ ಆಳನ್ನು ಕಳಿಸುತ್ತಿತ್ತು. ಚೀಟಿಯಲ್ಲಿ ಇದನ್ನು ಬರೆದದ್ದು ಅರಣ್ಯದ ಗಾರ್ಡ್: "ಫೋಟೊ ತೆಗೆಯೋರ ಕಾಲಿಗೆ ಏನು ಹಾಕಿದೀರಿ?" ಆ ಸಂಜೆಯೇ ಕಡ್ಡಾಯ ಹೋಯಿತು. "ದೂರದಿಂದ ಸಾಧ್ಯವಾದರೆ ಮಾತ್ರ. ಹತ್ತಿರ ಹೋಗಬೇಡಿ, ಮುಟ್ಟಬೇಡಿ" ಎಂಬ ಸಾಲು ಆ ಜಾಗಕ್ಕೆ ಬಂತು.

ತಂತ್ರಜ್ಞಾನದ್ದೇ ಇನ್ನೊಂದು ಪಾಠ. ಊರಿನ ಹೆಸರು ಆರಿಸುವ ಪಟ್ಟಿಯಲ್ಲಿ ಕಂದಾಯ ಗ್ರಾಮಗಳು ಮಾತ್ರ ಇದ್ದವು. ಮಲೆನಾಡಿನ ಗ್ರಾಮ ಎಂದರೆ ಬಯಲುಸೀಮೆಯ ಹಾಗೆ ಒಂದೆಡೆ ಗುಂಪಾಗಿ ಕೂತ ಮನೆಗಳಲ್ಲ. ಈ ಗುಡ್ಡಕ್ಕೆ ಎರಡು ಮನೆ, ಆ ಹಳ್ಳದಾಚೆ ನಾಲ್ಕು ಮನೆ, ಪ್ರತಿ ಮಜರೆಗೂ ಬೇರೆ ಹೆಸರು. ಗ್ರಾಮದ ಹೆಸರು ನೋಡಿ ಹೊರಟ ಪುಡಿ ಎರಚುವ ತಂಡ ಹೊಳೆಯ ಈಚೆ ದಡದಲ್ಲಿ, ಮಂಗ ಸತ್ತದ್ದು ಆಚೆ ದಡದಲ್ಲಿ. ಸುತ್ತಿ ಹೋಗುವಷ್ಟರಲ್ಲಿ ಸಂಜೆ. ಮಜರೆಯ ಹೆಸರು, ಹತ್ತಿರದ ಮನೆ, ದಾರಿಯ ಗುರುತು ಬರೆಯಲು ಒಂದು ಖಾಲಿ ಜಾಗ ಕೊಟ್ಟ ಮೇಲೆ ಸರಿಹೋಯಿತು. ಜಿಪಿಎಸ್ ಇದ್ದರೆ ಒಳ್ಳೆಯದೇ, ಆದರೆ ಕಾನಿನೊಳಗೆ ಅದನ್ನೊಂದನ್ನೇ ನಂಬಿ ಕೂರಬೇಡಿ.

ಮೂರನೆಯದು ಮೌಲ್ಯ: ಯಾರಿಗೆ ಏನು ಸಿಗುತ್ತದೆ? ಜಿಲ್ಲಾ ಕಚೇರಿಗೆ ಪಟ್ಟಿ ಸಿಗುತ್ತದೆ. ಆಶಾಗೆ? ಅವರು ದಾಖಲಿಸಿದ ಜ್ವರದವರ ರಕ್ತದ ಮಾದರಿ ಶಿವಮೊಗ್ಗದ ಲ್ಯಾಬಿನಲ್ಲಿ ಏನಾಯಿತೆಂದು ಅವರ ಫೋನಿಗೇ ಬಂದರೆ, ಅದು ಮೌಲ್ಯ. ಮುಖಪುಟದ ಮೇಲೆ "ನಾಳೆ ನೋಡಬೇಕಾದ ಮನೆಗಳು" ಎಂದು ಬಂದರೆ ಡೈರಿಯ ಕೆಲಸವನ್ನು ಫೋನು ಮಾಡಿದ ಹಾಗೆ. ಮೊದಲು ಹೇಳಿದ ಒಂಬತ್ತು ಮತ್ತು ಎರಡರ ಗುಟ್ಟು ಇಲ್ಲಿತ್ತು.

ನಾಲ್ಕನೆಯದು ಬಳಸುವವರು. ಐದನೆಯದು ಸಂಸ್ಥೆ: ಇಲ್ಲಿ ಆರೋಗ್ಯ, ಪಶುಸಂಗೋಪನೆ, ಅರಣ್ಯ ಎಂಬ ಮೂರು ಇಲಾಖೆಗಳಿಗೆ ಮೂರು ರಿಜಿಸ್ಟರು. ಯಾರು ಯಾರಿಗೆ ಫೋನ್ ಮಾಡಬೇಕು ಎಂಬುದು ಬರವಣಿಗೆಯಲ್ಲಿ ಇಲ್ಲದಿದ್ದರೆ ಆಪ್ ಆ ಗೊಂದಲವನ್ನು ವೇಗವಾಗಿ ಹರಡುತ್ತದೆ, ಅಷ್ಟೆ. ಆರನೆಯದು ಹೊರಗಿನ ವ್ಯವಸ್ಥೆ: ಕಾನೂನು, ಪ್ರೋತ್ಸಾಹಧನದ ನಿಯಮ, ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ 14 ಅಂಕಿಯ ಆಭಾ ಸಂಖ್ಯೆಯ (ಒಬ್ಬೊಬ್ಬರ ಆರೋಗ್ಯ ಗುರುತಿನ ಸಂಖ್ಯೆ) ಜೊತೆ ಹೊಂದಾಣಿಕೆ. ಏಳನೆಯದು ಕಾಲ: ಮುಂದಿನ ವರ್ಷವೂ ಇದು ಇರುತ್ತದೆಯೇ, ಬದಲಾಗಬೇಕಾದರೆ ಬದಲಾಗುತ್ತದೆಯೇ?

ನಾಲ್ಕೈದು ಕ್ಷೇತ್ರಗಳಲ್ಲಿ ಸಂಕೀರ್ಣ ಎಂದು ಗುರುತು ಬಿದ್ದರೆ ಹೊಸ ಸೌಲಭ್ಯ ಸೇರಿಸುವ ಆಸೆ ಬಿಡಿ, ತೆಗೆಯುತ್ತಾ ಬನ್ನಿ. ನಾವು 41 ಪ್ರಶ್ನೆಗಳ ನಮೂನೆಯನ್ನು 12ಕ್ಕೆ ಇಳಿಸಿದ್ದು ಹೀಗೆ.

ಹೆಜ್ಜೆ 4: ಚೌಕಟ್ಟಿನ ಭಾಷೆ ಬಿಟ್ಟು ಊರಿನ ಭಾಷೆಯಲ್ಲಿ ಕೇಳಿ

ಸಿಎಫ್‌ಐಆರ್ ಅನ್ನು ಲಾರಾ ಡಾಮ್‌ಶ್ರೋಡರ್ ಮತ್ತು ಸಂಗಡಿಗರು 2009ರಲ್ಲಿ ಕೊಟ್ಟರು, 2022ರಲ್ಲಿ ಪರಿಷ್ಕರಿಸಿದರು. ಹೊಸತನ, ಹೊರ ಆವರಣ, ಒಳ ಆವರಣ, ವ್ಯಕ್ತಿಗಳು, ಅನುಷ್ಠಾನದ ಪ್ರಕ್ರಿಯೆ ಎಂದು ಐದು ವಲಯ. ಪ್ರತಿ ವಲಯದೊಳಗೆ ಉಪವಿಷಯಗಳ ದೊಡ್ಡ ಪಟ್ಟಿ ಇದೆ. ಎಲ್ಲವನ್ನೂ ಕೇಳಲು ಹೋದರೆ ಸಂದರ್ಶನ ಮೂರು ಗಂಟೆ. ನಾಸ್ ಸಭೆಯಲ್ಲಿ ಸಂಕೀರ್ಣ ಎಂದು ಗುರುತು ಬಿದ್ದ ಜಾಗಕ್ಕೆ ತಾಳೆಯಾಗುವ ಎಂಟು ಹತ್ತು ವಿಷಯ ಆರಿಸಿಕೊಳ್ಳಿ.

"ನಿಮ್ಮ ಸಂಸ್ಥೆಯಲ್ಲಿ ಅನುಷ್ಠಾನಕ್ಕೆ ಲಭ್ಯ ಸಂಪನ್ಮೂಲಗಳು ಸಮರ್ಪಕವೇ?" ಎಂದು ಕೇಳಿ ನೋಡಿ, "ಇದಾವೆ ಸರ್" ಎಂಬ ಉತ್ತರ ಬರುತ್ತದೆ. ಬದಲಿಗೆ, "ಅಕ್ಕಾ, ನಿನ್ನೆ ಈ ಆಪ್ ತೆರೆದಾಗ ಎಲ್ಲಿ ಕೂತಿದ್ರಿ? ಸಿಗ್ನಲ್ ಎಲ್ಲಿ ಸಿಕ್ತು? ರೀಚಾರ್ಜ್ ದುಡ್ಡು ಯಾರು ಕೊಟ್ರು?" ಎಂದು ಕೇಳಿ. ಒಬ್ಬರು ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು. ಮನೆಯಿಂದ ಅರ್ಧ ಕಿಲೋಮೀಟರ್, ಅಡಿಕೆ ತೋಟ ದಾಟಿ ಸೊಪ್ಪಿನಬೆಟ್ಟ ಹತ್ತಿದರೆ ಒಂದು ಬಂಡೆ. ಅದರ ಮೇಲೆ ನಿಂತರೆ ಎರಡು ಕಡ್ಡಿ ಸಿಗ್ನಲ್. ಅಲ್ಲಿಯೂ ಉಣುಗಿನ ಭಯ. ಸಂಜೆ ಎಂಟಕ್ಕೆ ಮುಂಚೆ ಎಂಟ್ರಿ ಮುಗಿಸಬೇಕೆಂಬ ಆದೇಶಕ್ಕೂ ಆ ಬಂಡೆಗೂ ಏನು ಸಂಬಂಧವೆಂದು ಯಾವ ಪ್ರಶ್ನಾವಳಿಯೂ ನನಗೆ ಹೇಳುತ್ತಿರಲಿಲ್ಲ.

ಅಡಿಕೆಗೊನೆ ಕೊಯ್ಯುವ ತಿಂಗಳುಗಳಲ್ಲಿ ಹಗಲು ಯಾರೂ ಮನೆಯಲ್ಲಿ ಸಿಗುವುದಿಲ್ಲ. ಅಡಿಕೆ ಸುಲಿಯುವ ಚಪ್ಪರದಲ್ಲಿ ರಾತ್ರಿ ಹೋಗಿ ಕೂತರೆ ಮಾತು ತಾನಾಗಿ ಬರುತ್ತದೆ. ಹತ್ತು ಹದಿನೈದು ಮಂದಿಯ ಹತ್ತಿರ ಮಾತಾಡಿ, ಹೊಸ ಸಂಗತಿ ಬರುವುದು ನಿಂತಾಗ ನಿಲ್ಲಿಸಿ. ಬಳಸಿದವರ ಜೊತೆಗೆ ಬಿಟ್ಟವರನ್ನೂ ಹುಡುಕಿಕೊಂಡು ಹೋಗಿ.

ಹೆಜ್ಜೆ 5: ಎಲ್ಲ ಕಾಯಿಲೆಗೂ ತರಬೇತಿಯೇ ಮದ್ದಲ್ಲ

ಅಡ್ಡಿ ಗೊತ್ತಾದ ತಕ್ಷಣ ನಮ್ಮಲ್ಲಿ ಹೊರಡುವ ಆದೇಶ ಒಂದೇ: ಇನ್ನೊಂದು ತರಬೇತಿ ಮಾಡಿ. ಸೂಸನ್ ಮಿಕಿ ಮತ್ತು ಸಂಗಡಿಗರ 2011ರ ಕಾಮ್-ಬಿ ಇದಕ್ಕೆ ಕಡಿವಾಣ. ಒಂದು ವರ್ತನೆ ನಡೆಯಬೇಕಾದರೆ ಸಾಮರ್ಥ್ಯ, ಅವಕಾಶ, ಪ್ರೇರಣೆ ಮೂರೂ ಬೇಕು ಎನ್ನುತ್ತದೆ ಅದು. ತರಬೇತಿ ರಿಪೇರಿ ಮಾಡುವುದು ಮುಖ್ಯವಾಗಿ ಸಾಮರ್ಥ್ಯವನ್ನು.

ಜ್ವರದ ವರದಿ ಬರುತ್ತಿಲ್ಲ. ಆಪ್ ಬಳಸಲು ಬರುವುದಿಲ್ಲವೇ? ಪಕ್ಕದಲ್ಲಿ ಕೂತು ಕಲಿಸಿ. ಸಿಗ್ನಲ್ ಇಲ್ಲವೇ? ಅದು ಅವಕಾಶದ ಮಾತು. ನೆಟ್ ಇಲ್ಲದಿದ್ದರೂ ಉಳಿಸಿಕೊಂಡು, ಸಿಕ್ಕಾಗ ತಾನಾಗಿ ಕಳಿಸುವ ಹಾಗೆ ಆಪ್ ಬದಲಿಸಿ, ಎಂಟು ಗಂಟೆಯ ಆದೇಶ ತೆಗೆಸಿ. ಕಳಿಸಿದರೂ ಯಾರೂ ಬರುವುದಿಲ್ಲ, ಮತ್ತೆ ಯಾಕೆ ಕಳಿಸಬೇಕು ಅನ್ನಿಸಿದೆಯೇ? ಅದು ಪ್ರೇರಣೆ; ಪ್ರತಿ ವರದಿಗೂ ಒಂದು ದಿನದೊಳಗೆ ಮನುಷ್ಯರ ಉತ್ತರ ಹೋಗುವ ವ್ಯವಸ್ಥೆ ಮಾಡಿ. 2005ರಿಂದ ಆಶಾಗಳು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನದ ಮೇಲೆ ದುಡಿಯುತ್ತಿದ್ದಾರೆ. ಹೊಸ ಕೆಲಸಕ್ಕೆ ಹಣವಿಲ್ಲ, ಡೇಟಾ ಖರ್ಚೂ ಅವರದೇ ಎಂದಾದರೆ ಅದನ್ನು ಪ್ರೇರಣೆಯ ಕೊರತೆ ಎಂದು ಬರೆಯುವುದು ಅನ್ಯಾಯ.

ಪ್ರತಿ ಪರಿಹಾರದ ಮುಂದೆ "ಇದರಿಂದ ಹೇಗೆ ಸರಿಹೋಗುತ್ತದೆ" ಎಂದು ಒಂದು ಸಾಲು ಬರೆಯಿರಿ. ಆ ಸಾಲು ಬರೆಯಲು ಬಾರದ ಪರಿಹಾರವನ್ನು ಬಿಡಿ.

ಹೆಜ್ಜೆ 6: ಸೀಸನ್ನಿಗೆ ಮೊದಲೇ ಸಣ್ಣದಾಗಿ ಮಾಡಿ ನೋಡಿ

ಕಾಯಿಲೆ ಏರುವುದು ಡಿಸೆಂಬರಿನಿಂದ ಮೇವರೆಗೆ. ಪರೀಕ್ಷೆಗೆ ಅಕ್ಟೋಬರ್, ನವೆಂಬರ್ ಸರಿ. ಒಂದು ಉಪಕೇಂದ್ರ, ಎರಡು ವಾರ. ಯೋಜಿಸು, ಮಾಡು, ನೋಡು, ತಿದ್ದು ಎಂಬ ನಾಲ್ಕು ಹಂತದ ಸುತ್ತು. ಐದಾರು ಆಶಾಗಳಿಗೆ ಫೋನ್ ಕೊಟ್ಟು, "ಒಬ್ಬ ಜ್ವರದವರನ್ನು ದಾಖಲಿಸಿ, ಮಾಡ್ತಾ ಮಾಡ್ತಾ ಮನಸ್ಸಲ್ಲಿ ಬಂದದ್ದನ್ನ ಬಾಯಿಬಿಟ್ಟು ಹೇಳಿ" ಎಂದು ಪಕ್ಕದಲ್ಲಿ ಸುಮ್ಮನೆ ಕೂರಿ. ಬೆರಳು ಎಲ್ಲಿ ತಡವರಿಸಿತು ನೋಡಿಕೊಳ್ಳಿ. ಸಹಾಯಕ್ಕೆ ಕೈ ಚಾಚಬೇಡಿ, ಇದು ಕಷ್ಟ, ಆದರೂ.

ಅಂಕಿ ಬೇಕೆಂದರೆ ಜಾನ್ ಬ್ರೂಕ್ ರೂಪಿಸಿದ ಹತ್ತು ಹೇಳಿಕೆಗಳ ಬಳಕೆ ಅಳತೆಪಟ್ಟಿ ಇದೆ. ನೂರಕ್ಕೆ 68 ಅನ್ನು ಸಾಧಾರಣ ಎಂದು ಹಿಡಿಯುವುದು ರೂಢಿ. ಅದರಲ್ಲಿ ಹೇಳಿಕೆಗಳು ಒಂದು ಹೊಗಳಿಕೆ, ಒಂದು ದೂರು ಎಂದು ಅದಲುಬದಲಾಗಿ ಬರುತ್ತವೆ. ಕನ್ನಡಕ್ಕೆ ತರುವಾಗ ದೂರಿನ ವಾಕ್ಯಗಳು ಎಡವಟ್ಟಾಗುತ್ತವೆ, ಅದಕ್ಕೆ ಮೊದಲು ನಾಲ್ಕು ಜನರಿಗೆ ಓದಿ ಹೇಳಿ ಅರ್ಥ ಕೇಳಿ.

ಕಾಗದ ಮತ್ತು ಫೋನು ಎರಡರಲ್ಲೂ ಬರೆಯಿಸುವ ಕಾಲಕ್ಕೆ ಒಂದು ಕೊನೆಯ ದಿನಾಂಕವನ್ನು ಮೊದಲೇ ಘೋಷಿಸಿ. ಜೋಡಿ ಬರವಣಿಗೆಯ ಭಾರ ಬಿದ್ದರೆ ಒಳ್ಳೆಯ ಆಪ್ ಕೂಡ ಕಾಲಕ್ರಮೇಣ ಹೆಣಭಾರವಾಗುತ್ತದೆ.

ಹೆಜ್ಜೆ 7: ಏನನ್ನು ಅಳೆಯುತ್ತೀರೆಂದು ಮೊದಲೇ ಬರೆದಿಡಿ

ರಸ್ಸೆಲ್ ಗ್ಲಾಸ್ಗೋ ಮತ್ತು ಸಂಗಡಿಗರು 1999ರಲ್ಲಿ ಮುಂದಿಟ್ಟ ರಿ-ಏಮ್ ಐದು ಅಳತೆ ಕೇಳುತ್ತದೆ: ತಲುಪುವಿಕೆ, ಪರಿಣಾಮ, ಅಳವಡಿಕೆ, ಅನುಷ್ಠಾನ, ಬಾಳಿಕೆ. ಸೀಸನ್ ಮುಗಿದ ಮೇಲೆ ಕೂತು ಅಂದದ ಅಂಕಿಗಳನ್ನು ಹೆಕ್ಕುವುದು ಮೌಲ್ಯಮಾಪನವಲ್ಲ. ನವೆಂಬರಿನಲ್ಲೇ ಬರೆದು, ದಿನಾಂಕ ಹಾಕಿ, ಸಹಿ ಮಾಡಿಸಿ.

ತಲುಪುವಿಕೆಯಲ್ಲಿ ಮುಖ್ಯ ಪ್ರಶ್ನೆ ಭಾಗಿಸುವ ಸಂಖ್ಯೆ ಯಾವುದು ಎನ್ನುವುದು. ಎಷ್ಟು ಮನೆ ದಾಖಲಾದವು ಎನ್ನುವುದರಿಂದ ಏನೂ ತಿಳಿಯದು. ಅಪಾಯದಲ್ಲಿರುವವರಲ್ಲಿ ಎಷ್ಟು ಮಂದಿ? ಕಾಡಿಗೆ ದನ ಅಟ್ಟುವವರು, ದರಗಿಗೆ ಹೋಗುವ ಕೂಲಿ ಹೆಂಗಸರು, ಬೇರೆ ಊರಿಂದ ತೋಟದ ಕೆಲಸಕ್ಕೆ ಬಂದವರು ಪಟ್ಟಿಯಲ್ಲಿದ್ದಾರೆಯೇ? ಮನೆಪಟ್ಟಿಯಲ್ಲಿ ಹೆಸರಿಲ್ಲದವರೇ ಉಣುಗಿಗೆ ಮೊದಲು ಸಿಗುವವರು.

ಪರಿಣಾಮಕ್ಕೆ ನಮ್ಮ ಬಾಣಗಳ ಹಾಳೆಗೆ ಮರಳಿ. ಕಂಡ ಹೊತ್ತಿನಿಂದ ಪುಡಿ ಎರಚಿದ ಹೊತ್ತಿನವರೆಗೆ ಎಷ್ಟು ಗಂಟೆ? ಸರಾಸರಿ ತೆಗೆಯಬೇಡಿ, ಮಧ್ಯಾಂಕ (ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿಟ್ಟಾಗ ನಡುವೆ ಬರುವ ಅಂಕಿ) ತೆಗೆಯಿರಿ. ಒಂದೇ ಒಂದು ವರದಿ ಹದಿನೈದು ದಿನ ಮೂಲೆಗೆ ಬಿದ್ದಿದ್ದರೆ ಸರಾಸರಿ ಪೂರ್ತಿ ವಾಲಿಬಿಡುತ್ತದೆ. ಆದರೆ ಆ ಹದಿನೈದು ದಿನದ ವರದಿಯ ಕಥೆಯನ್ನು ಬೇರೆಯಾಗಿ ಬರೆಯಿರಿ, ಕಲಿಯುವುದಿರುವುದು ಅಲ್ಲಿ.

ಇಲ್ಲಿ ಎರಡು ಬಲೆಗಳಿವೆ. ಆಪ್ ಬಂದ ವರ್ಷ ಜ್ವರದ ಪ್ರಕರಣ ಏರಿದರೆ ಅದು ಕಾಯಿಲೆ ಏರಿದ್ದೋ ಕಣ್ಣು ತೆರೆದದ್ದೋ? ಬಹುಮಟ್ಟಿಗೆ ಎರಡನೆಯದು. ಇನ್ನೊಂದು, ಈ ಕಾಯಿಲೆ ವರ್ಷದಿಂದ ವರ್ಷಕ್ಕೆ ತಾನಾಗಿಯೇ ಏರಿಳಿಯುತ್ತದೆ. ಕಳೆದ ವರ್ಷ ಹೆಚ್ಚು, ಈ ವರ್ಷ ಕಡಿಮೆ, ಆದ್ದರಿಂದ ಆಪ್ ಗೆದ್ದಿತು ಎನ್ನುವುದು ಮಳೆ ನಿಂತದ್ದಕ್ಕೆ ಕೊಡೆಯನ್ನು ಹೊಗಳಿದ ಹಾಗೆ. ಪರಿಹಾರವೆಂದರೆ ಎಲ್ಲ ಪಿಎಚ್‌ಸಿಗಳಲ್ಲಿ ಒಂದೇ ದಿನ ಶುರು ಮಾಡದಿರುವುದು. ಚೀಟಿ ಎತ್ತಿ ಸರದಿ ನಿರ್ಧರಿಸಿ, ಮೂರು ವಾರಕ್ಕೆ ಎರಡರಂತೆ ಸೇರಿಸುತ್ತಾ ಹೋಗಿ. ಇನ್ನೂ ಸರದಿ ಬಾರದವು ಹೋಲಿಕೆಗೆ ಸಿಗುತ್ತವೆ, ಕೊನೆಗೆ ಯಾರಿಗೂ ತಪ್ಪುವುದಿಲ್ಲ. ಇದಕ್ಕೆ ಮೆಟ್ಟಿಲು ವಿನ್ಯಾಸ ಎನ್ನಬಹುದು.

ಅಳವಡಿಕೆಗೆ ಒಂದು ಕಾಲ್ಪನಿಕ ಲೆಕ್ಕ ನೋಡಿ. ಒಂದು ಪಿಎಚ್‌ಸಿಯಲ್ಲಿ 20 ಆಶಾ. 18 ಮಂದಿ ಆಪ್ ಹಾಕಿಕೊಂಡಿದ್ದಾರೆ. ಶೇ 90 ಎಂದು ವರದಿಯಾಗುತ್ತದೆ. ವಾರಕ್ಕೊಮ್ಮೆಯಾದರೂ ಬಳಸಿದವರು 9, ಅಂದರೆ ಶೇ 45. ಆ 9 ಮಂದಿಯ ಊರುಗಳನ್ನು ನಕ್ಷೆಯ ಮೇಲೆ ಚುಕ್ಕಿ ಹಾಕಿದರೆ ಎಲ್ಲವೂ ಟಾರು ರಸ್ತೆಯ ಬದಿಗಿವೆ. ಮೊದಲ ಅಂಕಿ ಸುಳ್ಳಲ್ಲ, ಆದರೆ ಕೆಲಸಕ್ಕೆ ಬರುವುದು ಮೂರನೆಯ ಸಂಗತಿ.

ಅನುಷ್ಠಾನದಡಿ ಯೋಜಿಸಿದ ಹಾಗೆ ನಡೆಯಿತೇ, ಎಲ್ಲಿ ಬದಲಿಸಿದರು, ಎಷ್ಟು ಖರ್ಚಾಯಿತು ಎಂದು ಬರೆಯಿರಿ. ಊರವರು ಮಾಡಿಕೊಂಡ ಬದಲಾವಣೆಯನ್ನು ತಪ್ಪು ಎಂದು ಗುರುತು ಮಾಡುವ ಮೊದಲು ಯಾಕೆಂದು ಕೇಳಿ. ಖರ್ಚಿನಲ್ಲಿ ಆಶಾಗಳ ಹೊತ್ತನ್ನೂ ಹಿಡಿಯಿರಿ. ಬಾಳಿಕೆಯನ್ನು ಕನಿಷ್ಠ ಮರುವರ್ಷದ ಸೀಸನ್ನಿನಲ್ಲಿ ನೋಡಬೇಕು, ಅದಕ್ಕೆ ಮುಂಚೆ ಹೇಳಿದ್ದೆಲ್ಲ ಹಾರೈಕೆ.

ಹೆಜ್ಜೆ 8: ಮೂರನೆಯ ತಿಂಗಳಲ್ಲಿ ನಾಲ್ಕು ಪ್ರಶ್ನೆ

ಹೊಸತು ಮಾಮೂಲಾಯಿತೇ ಎಂದು ನೋಡಲು ಕಾರ್ಲ್ ಮೇ ಮತ್ತು ಟ್ರೇಸಿ ಫಿಂಚ್ ಅವರ ರೂಢೀಕರಣದ ಸಿದ್ಧಾಂತ ಚೆನ್ನ. ಪಿಎಚ್‌ಸಿಯ ಆಶಾ ಮಾಸಿಕ ಸಭೆಯಲ್ಲಿ ಅರ್ಧ ಗಂಟೆ ಸಾಕು. ಇದು ಯಾಕೆ ಮಾಡುತ್ತಿದ್ದೇವೆ ಎಂದು ಎಲ್ಲರಿಗೂ ಒಂದೇ ಅರ್ಥವಿದೆಯೇ? ನಮ್ಮದು ಎಂದು ಹಿಡಿದವರು ಯಾರು? ದಿನದ ಕೆಲಸದೊಳಗೆ ಹೇಗೆ ಸೇರಿಸಿಕೊಂಡಿದ್ದೀರಿ, ಯಾವುದನ್ನು ಬಿಟ್ಟಿರಿ? ಮಾಡಿದ್ದನ್ನು ತಿರುಗಿ ನೋಡಿದಾಗ ಸಾರ್ಥಕ ಅನ್ನಿಸುತ್ತಿದೆಯೇ? "ಯಾವುದನ್ನು ಬಿಟ್ಟಿರಿ" ಎಂಬುದನ್ನು ಒತ್ತಿ ಕೇಳಿ. ಬಾಣಂತಿ ಮನೆಯ ಭೇಟಿ ಬಿಟ್ಟು ಆಪ್ ತುಂಬುತ್ತಿದ್ದರೆ ನಿಮಗೆ ಆ ಹೊತ್ತಿಗೇ ಗೊತ್ತಾಗಬೇಕು.

ಹೆಜ್ಜೆ 9: ಹೆಸರು, ಮನೆ, ಮಾನ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ, ಸಂಶೋಧನೆಯಾದರೆ ನೈತಿಕ ಸಮಿತಿಯ ಅನುಮತಿ ಬೇಕು. ಇವು ಕಡತದ ಮಾತು. ನೆಲದ ಮಾತು ಬೇರೆ. ಮಂಗನ ಕಾಯಿಲೆಯ ಊರು ಎಂದು ಹೆಸರು ಬಿದ್ದರೆ ಆ ಸೀಸನ್ನಿಗೆ ಕೂಲಿಗೆ ಜನ ಬರುವುದಿಲ್ಲ, ನೆಂಟರು ಬರುವುದಿಲ್ಲ. ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ ಎಂದು ಎಷ್ಟು ಹೇಳಿದರೂ ಭಯ ಹೋಗುವುದಿಲ್ಲ. ಆದ್ದರಿಂದ ಮನೆಯ ಗುರುತಿರುವ ನಕ್ಷೆ ಅದರ ಅಗತ್ಯವಿರುವ ಮೂರ್ನಾಲ್ಕು ಜನರ ಕೈಯಲ್ಲಿ ಮಾತ್ರ ಇರಲಿ. ಪರದೆಯ ಚಿತ್ರ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವ ಅಭ್ಯಾಸವನ್ನು ಮೊದಲ ದಿನವೇ ನಿಲ್ಲಿಸಿ.

ಹೆಜ್ಜೆ 10: ಜೂನಿನ ಕೆಲಸ

ಮೊದಲ ಮಳೆ ಹಿಡಿಯುವ ಹೊತ್ತಿಗೆ ಅಂಕಿಗಳೂ ಮಾತುಗಳೂ ಕೈಯಲ್ಲಿರುತ್ತವೆ. ಅವನ್ನು ಒಂದರ ಪಕ್ಕ ಒಂದಿಟ್ಟು ಓದಿ. ಟಾರು ರಸ್ತೆಯ ಬದಿಯ ಶೇ 45 ಎಂಬ ಅಂಕಿಗೆ ಬಂಡೆಯ ಮೇಲಿನ ಎರಡು ಕಡ್ಡಿ ಸಿಗ್ನಲ್ ಉತ್ತರ ಕೊಡುತ್ತದೆ. ನಾಸ್ ಸಭೆಯಲ್ಲಿ ಸಂಕೀರ್ಣ ಎಂದು ಗುರುತಿಸಿದ್ದು ನಿಜವಾಗಿಯೂ ಎಡವಿಸಿತೇ, ಸರಳ ಎಂದುಕೊಂಡದ್ದು ಕೈಕೊಟ್ಟಿತೇ ಎಂದು ಹಳೆಯ ಚೀಟಿಗಳನ್ನು ತೆಗೆದು ನೋಡಿ.

ಫಲಿತಾಂಶವನ್ನು ಮೊದಲು ಕೇಳಬೇಕಾದವರು ಆಶಾಗಳು, ಆಮೇಲೆ ಪಂಚಾಯ್ತಿ, ಆಮೇಲೆ ಜಿಲ್ಲಾ ಕಚೇರಿ. ನಿರ್ಧಾರ ಮೂರರಲ್ಲಿ ಒಂದು: ಮುಂದುವರಿಸುವುದು, ಬದಲಿಸಿ ಮುಂದುವರಿಸುವುದು, ನಿಲ್ಲಿಸುವುದು. ನಿಲ್ಲಿಸುವುದನ್ನು ಮೇಜಿನ ಮೇಲೆ ನಿಜವಾಗಿಯೂ ಇಡಿ. ಪುಡಿ ಎರಚುವ ಹೊತ್ತು ಒಂದು ಗಂಟೆಯೂ ಕಡಿಮೆಯಾಗದೆ ಆಶಾಗಳ ಹೊತ್ತು ದಿನಕ್ಕೊಂದು ಗಂಟೆ ಹೋಗಿದ್ದರೆ, ನಿಲ್ಲಿಸುವುದೇ ಜನರ ಪರವಾದ ತೀರ್ಮಾನ.

ಮುಂದುವರಿಸುವುದಾದರೆ ಒಂದು ಕಡತ ಕಟ್ಟಿಡಿ. ಬಾಣಗಳ ಹಾಳೆ, ಚೀಟಿಗಳು, ಸಹಿ ಮಾಡಿದ ಅಳತೆಗಳ ಪಟ್ಟಿ, ಬದಲಾವಣೆಗಳ ದಿನಚರಿ, ಮಜರೆಗಳ ಹೆಸರಿನ ಪಟ್ಟಿ. ಅಧಿಕಾರಿಗಳಿಗೆ ವರ್ಗವಾಗುತ್ತದೆ, ಆಪ್ ಬರೆದವರು ಬೇರೆ ಕೆಲಸಕ್ಕೆ ಹೋಗುತ್ತಾರೆ. ಕಡತದ ಒಂದು ಪ್ರತಿ ಪಿಎಚ್‌ಸಿಯ ಬೀರುವಿನಲ್ಲಿ, ಇನ್ನೊಂದು ಹಿರಿಯ ಆಶಾ ಒಬ್ಬರ ಕೈಯಲ್ಲಿ ಇರಲಿ. ನಮ್ಮ ಕಡತದ ಮೊದಲ ಹಾಳೆಯ ಮೇಲೆ ಹೊಸನಗರದ ಆ ಅಕ್ಕ ತಮ್ಮ ಕೈಯಾರೆ ಬರೆದಿದ್ದಾರೆ: "ನಾಳೆ ನೋಡುವ ಮನೆಗಳ ಪಟ್ಟಿ ಬಂದಿದೆ. ಲ್ಯಾಬ್ ರಿಸಲ್ಟ್ ಇನ್ನೂ ಬರುತ್ತಿಲ್ಲ. ನವೆಂಬರಿಗೆ ಮೊದಲು ಸರಿ ಮಾಡಿ."